ವಿಲಿಯಂ ಎಗಲ್‌ಸ್ಟನ್

ವಿಲಿಯಂ ಎಗಲ್‌ಸ್ಟನ್ (ಜನನ: ಜುಲೈ ೨೭, ೧೯೩೯) ಅಮೆರಿಕ ಸಂಯುಕ್ತ ಸಂಸ್ಥಾನದ ಛಾಯಾಗ್ರಾಹಕರು. ದೈನಂದಿನ ಬದುಕು ಹಾಗೂ ಸಾಮಾನ್ಯ ಪರಿಸರಗಳ ವರ್ಣ ಛಾಯಾಚಿತ್ರಗಳಿಂದ ಹೆಸರಾದ ಇವರು, ವರ್ಣ ಛಾಯಾಗ್ರಹಣಕ್ಕೆ ಕಲೆಯ ಮನ್ನಣೆಯನ್ನು ದೊರಕಿಸಿಕೊಟ್ಟವರಲ್ಲಿ ಪ್ರಮುಖರೆಂದು ಪರಿಗಣಿತರಾಗಿದ್ದಾರೆ. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರ ಮತ್ತು ಅದರ ದಕ್ಷಿಣಕ್ಕಿರುವ ಮಿಸಿಸಿಪ್ಪಿ ರಾಜ್ಯದ ಸಣ್ಣ ಊರುಗಳು ಇವರ ಮುಖ್ಯ ಕಾರ್ಯಕ್ಷೇತ್ರ. ಮಗುವಿನ ಮೂರುಗಾಲಿಯ ಸೈಕಲ್, ಬಾಗಿಲು ತೆರೆದ ಓವನ್, ಮಂಚದ ಕೆಳಗಿನ ಪಾದರಕ್ಷೆಗಳು, ಬರಿಯ ಬಲ್ಬು ತೂಗುವ ಕೆಂಪು ಚಾವಣಿ ಮೊದಲಾದವು ಇವರ ಚಿತ್ರಗಳ ವಸ್ತುಗಳು.

೧೯೭೬ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆದ ಇವರ ಏಕವ್ಯಕ್ತಿ ಪ್ರದರ್ಶನವು ಛಾಯಾಗ್ರಹಣದ ಇತಿಹಾಸದಲ್ಲಿ ಒಂದು ತಿರುವು ಎನಿಸಿದೆ. ಅಂದು ಹಲವು ವಿಮರ್ಶಕರು ಅದನ್ನು ಕಟುವಾಗಿ ಟೀಕಿಸಿದರು. ವಿವಾದದ ತಿರುಳು ಎರಡು ಪ್ರಶ್ನೆಗಳಲ್ಲಿತ್ತು: ಬಣ್ಣದ ಛಾಯಾಚಿತ್ರವು ಗಂಭೀರ ಕಲೆಯಾಗಬಲ್ಲುದೇ? ಯಾವ ವಿಶೇಷವೂ ಇಲ್ಲದ ವಸ್ತುಗಳು ಕಲೆಗೆ ಯೋಗ್ಯವೇ? ಈ ಎರಡೂ ಪ್ರಶ್ನೆಗಳಿಗೆ ನಂತರದ ಪೀಳಿಗೆಯವರು ಹೌದೆಂದು ಉತ್ತರಿಸಿದುದರ ಹಿಂದೆ ಎಗಲ್‌ಸ್ಟನ್ ಅವರ ಕೃತಿಗಳ ಪಾತ್ರ ದೊಡ್ಡದು.

## ಜನನ ಮತ್ತು ಆರಂಭಿಕ ಜೀವನ

ಎಗಲ್‌ಸ್ಟನ್ ಅವರು ಮೆಂಫಿಸ್ ನಗರದಲ್ಲಿ ಜನಿಸಿ, ಮಿಸಿಸಿಪ್ಪಿ ರಾಜ್ಯದ ಸಮ್ನರ್ ಎಂಬ ಸಣ್ಣ ಊರಿನಲ್ಲಿ ಬೆಳೆದರು. ತಂದೆ ಎಂಜಿನಿಯರ್, ತಾಯಿ ಸ್ಥಳೀಯ ನ್ಯಾಯಾಧೀಶರೊಬ್ಬರ ಮಗಳು. ಹತ್ತಿಯ ತೋಟಗಳ ಒಡೆತನವಿದ್ದ ಕುಟುಂಬವಾದುದರಿಂದ ಜೀವನೋಪಾಯಕ್ಕಾಗಿ ಉದ್ಯೋಗ ಹಿಡಿಯುವ ಅಗತ್ಯ ಅವರಿಗೆ ಬರಲಿಲ್ಲ. ಬಾಲ್ಯದಲ್ಲಿ ಅವರು ಅಂತರ್ಮುಖಿ. ಪಿಯಾನೊ ನುಡಿಸುವುದು, ಚಿತ್ರ ಬರೆಯುವುದು, ವಿದ್ಯುನ್ಮಾನ ಉಪಕರಣಗಳನ್ನು ಬಿಚ್ಚಿ ಜೋಡಿಸುವುದು ಅವರ ಹವ್ಯಾಸಗಳಾಗಿದ್ದವು. ಪಿಯಾನೊ ಆಸಕ್ತಿ ಮುಂದೆಯೂ ಉಳಿದುಬಂದಿತು.

ಅವರು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ, ಡೆಲ್ಟಾ ಸ್ಟೇಟ್ ಕಾಲೇಜು ಮತ್ತು ಮಿಸಿಸಿಪ್ಪಿ ವಿಶ್ವವಿದ್ಯಾಲಯಗಳಲ್ಲಿ ಹಲವು ವರ್ಷ ಓದಿದರೂ ಪದವಿ ಪಡೆಯಲಿಲ್ಲ. ವಾಂಡರ್‌ಬಿಲ್ಟ್‌ನಲ್ಲಿದ್ದಾಗ ಗೆಳೆಯನೊಬ್ಬನ ಪ್ರೇರಣೆಯಿಂದ ಛಾಯಾಗ್ರಹಣದಲ್ಲಿ ತೊಡಗಿದರು. ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಚಿತ್ರಕಲಾವಿದ ಟಾಮ್ ಯಂಗ್ ಅವರ ಮೂಲಕ ಅಮೂರ್ತ ಅಭಿವ್ಯಕ್ತಿವಾದಿ ಚಿತ್ರಕಲೆಯ ಪರಿಚಯವಾಯಿತು. ಫ್ರಾನ್ಸಿನ ಹೆನ್ರಿ ಕಾರ್ಟಿಯರ್-ಬ್ರೆಸನ್ ಅವರ 'ದಿ ಡಿಸೈಸಿವ್ ಮೊಮೆಂಟ್' (೧೯೫೨) ಹಾಗೂ ವಾಕರ್ ಇವಾನ್ಸ್ ಅವರ 'ಅಮೆರಿಕನ್ ಫೋಟೋಗ್ರಾಫ್ಸ್' (೧೯೩೮) ಎಂಬ ಪುಸ್ತಕಗಳು ಅವರ ಮೇಲೆ ಆಳವಾದ ಪ್ರಭಾವ ಬೀರಿದವು. ಇವೆರಡೂ ಕಪ್ಪು-ಬಿಳುಪು ಚಿತ್ರಗಳ ಪುಸ್ತಕಗಳು. ಎಗಲ್‌ಸ್ಟನ್ ಅವರ ಆರಂಭದ ಚಿತ್ರಗಳೂ ಕಪ್ಪು-ಬಿಳುಪಿನವೇ. ೧೯೬೪ರಲ್ಲಿ ರೋಸಾ ಡಾಸೆಟ್ ಅವರೊಂದಿಗೆ ವಿವಾಹವಾಯಿತು.

## ಹಿನ್ನೆಲೆ: ವರ್ಣ ಛಾಯಾಗ್ರಹಣದ ಸ್ಥಾನಮಾನ

ಬಣ್ಣದ ಛಾಯಾಚಿತ್ರ ೧೯೭೦ರ ದಶಕದಲ್ಲಿ ಹೊಸ ವಸ್ತುವೇನೂ ಆಗಿರಲಿಲ್ಲ. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ೧೯೦೭ರಲ್ಲಿಯೇ ಆಟೋಕ್ರೋಮ್ ಎಂಬ ಗಾಜಿನ ಫಲಕಗಳನ್ನು ಮಾರುಕಟ್ಟೆಗೆ ತಂದಿದ್ದರು. ೧೯೩೫ರಲ್ಲಿ ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮ್ ಬಂದಿತು. ೧೯೪೨ರಲ್ಲಿ ಕಾಗದದ ಮೇಲೆ ಮುದ್ರಿಸಬಹುದಾದ ಕೊಡಾಕಲರ್ ನೆಗೆಟಿವ್ ಫಿಲ್ಮ್ ಬಂದಿತು. ೧೯೫೦ ಮತ್ತು ೬೦ರ ದಶಕಗಳಲ್ಲಿ ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ಹುಟ್ಟುಹಬ್ಬ, ಪ್ರವಾಸ, ಹಬ್ಬದೂಟಗಳ ಬಣ್ಣದ ಚಿತ್ರಗಳು ಸಾಮಾನ್ಯವಾಗಿದ್ದವು. ಜಾಹೀರಾತು ಮತ್ತು ನಿಯತಕಾಲಿಕಗಳೂ ಬಣ್ಣವನ್ನು ಧಾರಾಳವಾಗಿ ಬಳಸುತ್ತಿದ್ದವು.

ಈ ಜನಪ್ರಿಯತೆಯೇ ಬಣ್ಣಕ್ಕೆ ಮುಳುವಾಯಿತು. ಗಂಭೀರ ಛಾಯಾಗ್ರಾಹಕರಲ್ಲಿ ಬಹುತೇಕರು ಬಣ್ಣವನ್ನು ಮಾರಾಟದ ಸರಕಿಗೂ ಹವ್ಯಾಸಿಗಳ ಆಲ್ಬಮ್ಮಿಗೂ ಸೇರಿದ ವಸ್ತುವೆಂದು ದೂರವಿಟ್ಟರು. ಇದಕ್ಕೆ ತಾಂತ್ರಿಕ ಕಾರಣಗಳೂ ಇದ್ದವು. ಕಪ್ಪು-ಬಿಳುಪು ಚಿತ್ರವನ್ನು ಛಾಯಾಗ್ರಾಹಕರು ತಮ್ಮ ಕತ್ತಲೆ ಕೋಣೆಯಲ್ಲಿ ತಾವೇ ಮುದ್ರಿಸಿಕೊಳ್ಳುತ್ತಿದ್ದರು. ಬಣ್ಣದ ಮುದ್ರಣಕ್ಕೆ ಸಾಮಾನ್ಯವಾಗಿ ಬೇರೊಂದು ಪ್ರಯೋಗಾಲಯವನ್ನು ಅವಲಂಬಿಸಬೇಕಿತ್ತು. ವೆಚ್ಚ ಹೆಚ್ಚು. ಮೇಲಾಗಿ ಅಂದಿನ ಸಾಮಾನ್ಯ ಬಣ್ಣದ ಮುದ್ರಣಗಳು ಕೆಲವೇ ವರ್ಷಗಳಲ್ಲಿ ಮಾಸುತ್ತಿದ್ದುದರಿಂದ ವಸ್ತುಸಂಗ್ರಹಾಲಯಗಳೂ ಸಂಗ್ರಾಹಕರೂ ಅವನ್ನು ಕೊಳ್ಳಲು ಹಿಂಜರಿಯುತ್ತಿದ್ದರು.

ವಾಕರ್ ಇವಾನ್ಸ್ ಅವರು ೧೯೬೯ರ ಬರಹವೊಂದರಲ್ಲಿ ವರ್ಣ ಛಾಯಾಗ್ರಹಣವನ್ನು ಅಸಭ್ಯವೆಂದು ಕರೆದುದು ಪ್ರಸಿದ್ಧವಾಗಿದೆ. ಚಿತ್ರದ ವಸ್ತುವೇ ಅಗ್ಗದ ಥಳುಕಿನದಾಗಿದ್ದರೆ ಮಾತ್ರ ಬಣ್ಣದ ಬಳಕೆ ಸರಿಯೆಂದೂ ಅವರು ಅಲ್ಲಿ ಸೂಚಿಸಿದ್ದರು. ಅದೇ ಇವಾನ್ಸ್ ಅವರು ತಮ್ಮ ಕೊನೆಯ ವರ್ಷಗಳಲ್ಲಿ, ೧೯೭೩–೭೪ರಲ್ಲಿ, ಪೋಲರಾಯ್ಡ್ ಕ್ಯಾಮೆರಾದಿಂದ ನಾಮಫಲಕಗಳು ಮತ್ತು ರಸ್ತೆಯ ಗುರುತುಗಳ ಬಣ್ಣದ ಚಿತ್ರಗಳನ್ನು ಉತ್ಸಾಹದಿಂದ ತೆಗೆದರು.

ಎಗಲ್‌ಸ್ಟನ್ ಅವರಿಗಿಂತ ಮೊದಲೇ ಬಣ್ಣದಲ್ಲಿ ಗಂಭೀರವಾಗಿ ಕೆಲಸ ಮಾಡಿದವರಿದ್ದರು. ಸಾಲ್ ಲೈಟರ್ ಅವರು ೧೯೪೦ರ ದಶಕದ ಕೊನೆಯಿಂದಲೇ ನ್ಯೂಯಾರ್ಕಿನ ಬೀದಿಗಳನ್ನು ಮಂಜು ಕವಿದ ಗಾಜುಗಳ ಮೂಲಕ ಬಣ್ಣದಲ್ಲಿ ಚಿತ್ರಿಸುತ್ತಿದ್ದರು. ಆದರೆ ಆ ಚಿತ್ರಗಳು ಬೆಳಕಿಗೆ ಬಂದುದು ದಶಕಗಳ ನಂತರ. ಹೆಲೆನ್ ಲೆವಿಟ್ ಅವರು ೧೯೫೯ ಮತ್ತು ೧೯೬೦ರಲ್ಲಿ ದೊರೆತ ಗುಗೆನ್‌ಹೈಮ್ ಫೆಲೋಶಿಪ್‌ಗಳ ನೆರವಿನಿಂದ ನ್ಯೂಯಾರ್ಕಿನ ಬೀದಿಬದುಕನ್ನು ಬಣ್ಣದಲ್ಲಿ ದಾಖಲಿಸಿದರು; ಅವುಗಳಲ್ಲಿ ಬಹುಪಾಲು ೧೯೭೦ರಲ್ಲಿ ಕಳವಾದವು. ಅರ್ನ್ಸ್ಟ್ ಹಾಸ್ ಅವರ ವರ್ಣಚಿತ್ರಗಳ ಪ್ರದರ್ಶನ ೧೯೬೨ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿಯೇ ನಡೆದಿತ್ತು. ಆದುದರಿಂದ ೧೯೭೬ರ ಪ್ರದರ್ಶನವು ಆ ಸಂಸ್ಥೆಯ ಮೊದಲ ವರ್ಣ ಛಾಯಾಚಿತ್ರ ಪ್ರದರ್ಶನವೆಂದು ಕೆಲವೆಡೆ ಬರೆದಿರುವುದು ಸರಿಯಲ್ಲ.

## ಬಣ್ಣದತ್ತ ಒಲವು

ಎಗಲ್‌ಸ್ಟನ್ ಅವರು ೧೯೬೫ರ ಸುಮಾರಿಗೆ ಬಣ್ಣದ ನೆಗೆಟಿವ್ ಫಿಲ್ಮಿನಲ್ಲಿ ಪ್ರಯೋಗಗಳನ್ನು ಆರಂಭಿಸಿದರು. ಮೆಂಫಿಸ್ಸಿನ ದಿನಸಿ ಅಂಗಡಿಯೊಂದರ ಹೊರಗೆ ಸಂಜೆಯ ಬಿಸಿಲಿನಲ್ಲಿ ತಳ್ಳುಗಾಡಿಗಳನ್ನು ಸಾಲಾಗಿ ಜೋಡಿಸುತ್ತಿರುವ ಹುಡುಗನ ಚಿತ್ರವನ್ನು (೧೯೬೫) ತಮ್ಮ ಮೊದಲ ಯಶಸ್ವೀ ಬಣ್ಣದ ಚಿತ್ರವೆಂದು ಅವರು ಗುರುತಿಸಿದ್ದಾರೆ. ೧೯೬೦ರ ದಶಕದ ಕೊನೆಯ ವೇಳೆಗೆ ಸ್ಲೈಡ್ ಫಿಲ್ಮ್ ಅವರ ಮುಖ್ಯ ಮಾಧ್ಯಮವಾಯಿತು.

ಈ ಅವಧಿಯ ಎರಡು ಸಂಗತಿಗಳನ್ನು ಅವರ ಜೀವನದ ಬಗ್ಗೆ ಬರೆದವರು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಸುತ್ತಲಿನ ಪರಿಸರದಲ್ಲಿ ತನಗೆ ಇಷ್ಟವಾಗುವಂಥದ್ದೇನೂ ಇಲ್ಲ, ಏನನ್ನು ಚಿತ್ರಿಸಲಿ ಎಂದು ಅವರು ಗೆಳೆಯನೊಬ್ಬನಲ್ಲಿ ಕೇಳಿದಾಗ, ಇಷ್ಟವಾಗದ ಆ ಕುರೂಪವನ್ನೇ ಚಿತ್ರಿಸುವಂತೆ ಗೆಳೆಯ ಸಲಹೆಯಿತ್ತನೆಂಬುದು ಒಂದು. ಯುದ್ಧಾನಂತರದ ಅಮೆರಿಕದ ದಕ್ಷಿಣ ಭಾಗದಲ್ಲಿ ಆಗ ಹೊಸ ಬಡಾವಣೆಗಳು, ಕಾರು ನಿಲ್ದಾಣಗಳು, ದೊಡ್ಡ ಅಂಗಡಿಗಳು, ಪೆಟ್ರೋಲ್ ಬಂಕ್‌ಗಳು ವೇಗವಾಗಿ ತಲೆಯೆತ್ತುತ್ತಿದ್ದವು. ಅವೇ ಅವರ ವಸ್ತುವಾದವು. ಛಾಯಾಚಿತ್ರಗಳನ್ನು ಸಗಟಾಗಿ ಮುದ್ರಿಸುವ ಪ್ರಯೋಗಾಲಯವೊಂದರಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ಪರಿಚಿತನ ಜೊತೆ ಕುಳಿತು, ಯಂತ್ರದಿಂದ ಪಟ್ಟಿಯಾಗಿ ಹೊರಬರುತ್ತಿದ್ದ ಅಪರಿಚಿತ ಕುಟುಂಬಗಳ ಬಣ್ಣದ ಚಿತ್ರಗಳನ್ನು ಅವರು ಗಂಟೆಗಟ್ಟಲೆ ನೋಡುತ್ತಿದ್ದರೆಂಬುದು ಇನ್ನೊಂದು. ಅಲಬಾಮಾದ ಹಳೆಯ ಕಟ್ಟಡಗಳನ್ನು ಸರಳವಾದ ಬ್ರೌನಿ ಕ್ಯಾಮೆರಾದಿಂದ ಬಣ್ಣದಲ್ಲಿ ಚಿತ್ರಿಸುತ್ತಿದ್ದ ಕಲಾವಿದ ವಿಲಿಯಂ ಕ್ರಿಸ್ಟನ್‌ಬೆರಿ ಅವರ ಸ್ನೇಹವೂ ಈ ಕಾಲದ್ದು.

೧೯೬೦ರ ದಶಕದ ಕೊನೆಯಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ಗ್ಯಾರಿ ವಿನೋಗ್ರಾಂಡ್, ಲೀ ಫ್ರೀಡ್‌ಲ್ಯಾಂಡರ್, ಡಯೇನ್ ಆರ್ಬಸ್ ಮುಂತಾದ ಸಮಕಾಲೀನ ಛಾಯಾಗ್ರಾಹಕರನ್ನು ಭೇಟಿಯಾದರು. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಛಾಯಾಗ್ರಹಣ ವಿಭಾಗದ ನಿರ್ದೇಶಕ ಜಾನ್ ಶಾರ್ಕೌಸ್ಕಿ ಅವರಿಗೆ ತಮ್ಮ ಚಿತ್ರಗಳನ್ನು ತೋರಿಸಿದರು. ಆ ಚಿತ್ರಗಳು ಬಡಾವಣೆಯ ಔಷಧಿ ಅಂಗಡಿಗಳ ಮೂಲಕ ಮುದ್ರಿಸಿಕೊಂಡ ಸಾಧಾರಣ ಪ್ರತಿಗಳಾಗಿದ್ದವು. ಅವುಗಳಲ್ಲಿದ್ದ ಸತ್ತ್ವವನ್ನು ಶಾರ್ಕೌಸ್ಕಿ ಗುರುತಿಸಿದರು. ಈ ಪರಿಚಯವೇ ಮುಂದೆ ೧೯೭೬ರ ಪ್ರದರ್ಶನಕ್ಕೆ ದಾರಿಯಾಯಿತು.

## ಡೈ ಟ್ರಾನ್ಸ್‌ಫರ್ ಮುದ್ರಣ

೧೯೭೩–೭೪ರಲ್ಲಿ ಎಗಲ್‌ಸ್ಟನ್ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಈ ಸಮಯದಲ್ಲಿ ಷಿಕಾಗೋ ನಗರದ ಪ್ರಯೋಗಾಲಯವೊಂದರ ದರಪಟ್ಟಿ ಅವರ ಕಣ್ಣಿಗೆ ಬಿದ್ದಿತು. ಅತಿ ಅಗ್ಗದ ಮುದ್ರಣದಿಂದ ಆರಂಭವಾಗುತ್ತಿದ್ದ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದುದು ಡೈ ಟ್ರಾನ್ಸ್‌ಫರ್. ಅದುವರೆಗೆ ಮುಖ್ಯವಾಗಿ ಜಾಹೀರಾತು ಮತ್ತು ಫ್ಯಾಷನ್ ಚಿತ್ರಗಳಿಗೆ ಬಳಕೆಯಾಗುತ್ತಿದ್ದ ಈ ವಿಧಾನವನ್ನು ಅವರು ತಮ್ಮ ಚಿತ್ರಗಳಿಗೆ ಅಳವಡಿಸಿಕೊಂಡರು.

ಈ ವಿಧಾನದಲ್ಲಿ ಮೂಲ ಸ್ಲೈಡನ್ನು ಕೆಂಪು, ಹಸಿರು ಮತ್ತು ನೀಲಿ ಶೋಧಕಗಳ ಮೂಲಕ ಪ್ರತ್ಯೇಕವಾಗಿ ನಕಲಿಸಿ ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳನ್ನು ತಯಾರಿಸಲಾಗುತ್ತದೆ. ಒಂದೊಂದು ನೆಗೆಟಿವ್‌ನಿಂದಲೂ ಮ್ಯಾಟ್ರಿಕ್ಸ್ ಎಂಬ ವಿಶೇಷ ಫಿಲ್ಮಿನ ಮೇಲೆ ಜೆಲಟಿನ್ನಿನ ಉಬ್ಬುಚಿತ್ರ ಮೂಡುತ್ತದೆ. ಚಿತ್ರದಲ್ಲಿ ಬಣ್ಣ ಗಾಢವಾಗಿರಬೇಕಾದಲ್ಲಿ ಜೆಲಟಿನ್ ದಪ್ಪವಾಗಿಯೂ, ತಿಳಿಯಾಗಿರಬೇಕಾದಲ್ಲಿ ತೆಳುವಾಗಿಯೂ ಇರುತ್ತದೆ. ಈ ಮೂರು ಫಿಲ್ಮ್‌ಗಳನ್ನು ಕ್ರಮವಾಗಿ ಹಸಿರುನೀಲಿ, ನೇರಳೆಗೆಂಪು ಮತ್ತು ಹಳದಿ ಬಣ್ಣದ ದ್ರಾವಣಗಳಲ್ಲಿ ನೆನೆಸಿ, ಒಂದಾದ ಮೇಲೊಂದರಂತೆ ಒಂದೇ ಕಾಗದದ ಮೇಲೆ ಒತ್ತಲಾಗುತ್ತದೆ. ಮೂರೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂಡಬೇಕು; ಇಲ್ಲವಾದರೆ ಚಿತ್ರದ ಅಂಚುಗಳು ಮಸುಕಾಗುತ್ತವೆ.

ಮೂರು ಬಣ್ಣಗಳೂ ಬೇರೆಬೇರೆಯಾಗಿ ಕೈಗೆ ಸಿಗುವುದರಿಂದ ಮುದ್ರಣಕಾರನು ಒಂದು ಬಣ್ಣವನ್ನು ಗಾಢಗೊಳಿಸಿ ಮತ್ತೊಂದನ್ನು ತಗ್ಗಿಸಬಹುದಾಗಿತ್ತು. ಈ ಮುದ್ರಣಗಳು ಬೆಳಕಿಗೆ ಒಡ್ಡದೆ ಇಟ್ಟರೆ ಬಹುಕಾಲ ಮಾಸದೆ ಉಳಿಯುತ್ತವೆ. ಹೀಗೆ, ಕಡೆಗಣಿತ ವಸ್ತುಗಳ ಚಿತ್ರಗಳು ಅಂದು ಲಭ್ಯವಿದ್ದ ಅತ್ಯಂತ ಶ್ರಮದ ಮತ್ತು ದುಬಾರಿಯಾದ ಮುದ್ರಣದಲ್ಲಿ ಹೊರಬಂದವು. '೧೪ ಪಿಕ್ಚರ್ಸ್' (೧೯೭೪) ಎಂಬುದು ಈ ವಿಧಾನದಲ್ಲಿ ಪ್ರಕಟವಾದ ಅವರ ಮೊದಲ ಚಿತ್ರಸಂಪುಟ. ಕೊಡಾಕ್ ಕಂಪನಿಯು ೧೯೯೦ರ ದಶಕದಲ್ಲಿ ಇದರ ಸಾಮಗ್ರಿಗಳ ತಯಾರಿಕೆಯನ್ನು ನಿಲ್ಲಿಸಿತು. ಆ ಬಳಿಕ ದಾಸ್ತಾನು ಮಾಡಿಟ್ಟ ಸಾಮಗ್ರಿಯಿಂದ ಕೆಲವೇ ಪರಿಣತರು ಈ ಮುದ್ರಣವನ್ನು ಮುಂದುವರಿಸಿದರು.

## ೧೯೭೬ರ ಪ್ರದರ್ಶನ

ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ೧೯೭೬ರ ಮೇ ೨೫ರಿಂದ ಆಗಸ್ಟ್ ೧ರವರೆಗೆ ನಡೆದ ಪ್ರದರ್ಶನದಲ್ಲಿ ಎಗಲ್‌ಸ್ಟನ್ ಅವರ ೭೫ ವರ್ಣ ಛಾಯಾಚಿತ್ರಗಳಿದ್ದವು. ಇದರ ಜೊತೆಗೆ ೪೮ ಚಿತ್ರಗಳುಳ್ಳ 'ವಿಲಿಯಂ ಎಗಲ್‌ಸ್ಟನ್ಸ್ ಗೈಡ್' ಎಂಬ ಪುಸ್ತಕ ಪ್ರಕಟವಾಯಿತು. ವರ್ಣ ಛಾಯಾಗ್ರಹಣಕ್ಕಾಗಿಯೇ ಆ ವಸ್ತುಸಂಗ್ರಹಾಲಯವು ಹೊರತಂದ ಮೊದಲ ಪುಸ್ತಕ ಇದು. ಕಪ್ಪು ಹೊದಿಕೆ, ಚಿನ್ನದ ಬಣ್ಣದ ಅಕ್ಷರಗಳು ಮತ್ತು ಮುಖಪುಟಕ್ಕೆ ಅಂಟಿಸಿದ ಮೂರುಗಾಲಿ ಸೈಕಲ್ಲಿನ ಚಿತ್ರದಿಂದಾಗಿ ಅದು ಕುಟುಂಬದ ಆಲ್ಬಮ್ಮಿನಂತೆ ಕಾಣುತ್ತಿತ್ತು.

ಪುಸ್ತಕದ ಪೀಠಿಕೆಯನ್ನು ಬರೆದ ಶಾರ್ಕೌಸ್ಕಿ ಅವರ ವಾದ ಹೀಗಿತ್ತು: ಅದುವರೆಗಿನ ಬಹುಪಾಲು ಬಣ್ಣದ ಚಿತ್ರಗಳು ಎರಡು ಬಗೆಯ ದೋಷಗಳಿಗೆ ಒಳಗಾಗಿದ್ದವು. ಕೆಲವರು ಬಣ್ಣವನ್ನು ಮರೆತು, ಕಪ್ಪು-ಬಿಳುಪಿನ ಚಿತ್ರವನ್ನೇ ಬಣ್ಣದ ಫಿಲ್ಮಿನಲ್ಲಿ ತೆಗೆಯುತ್ತಿದ್ದರು. ಇನ್ನು ಕೆಲವರು ಬಣ್ಣದ ಸೊಬಗಿಗೆ ಮರುಳಾಗಿ ವಸ್ತುವನ್ನು ಮರೆಯುತ್ತಿದ್ದರು. ಹೊಸ ಛಾಯಾಗ್ರಾಹಕರಿಗಾದರೋ ಆಕಾಶ ಮತ್ತು ಅದರ ನೀಲಿ ಬೇರೆಬೇರೆಯಲ್ಲ. ಬಣ್ಣವು ಲೋಕದ ಮೇಲೆ ಬಳಿದ ಲೇಪವಾಗಿರದೆ ಲೋಕವನ್ನು ಕಾಣುವ ಬಗೆಯೇ ಆಗಿದೆ. ಎಗಲ್‌ಸ್ಟನ್ ಅವರ ಚಿತ್ರಗಳು ಈ ಅರ್ಥದಲ್ಲಿ ಪರಿಪೂರ್ಣವೆಂದು ಅವರು ಬರೆದರು.

ಆ ಮಾತೇ ವಿಮರ್ಶಕರನ್ನು ಕೆರಳಿಸಿತು. 'ದಿ ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹಿಲ್ಟನ್ ಕ್ರೇಮರ್ ಅವರು 'ಪರಿಪೂರ್ಣ' ಎಂಬ ಪದವನ್ನೇ ತಿರುಗಿಸಿ, ಈ ಚಿತ್ರಗಳು ಪರಿಪೂರ್ಣವಾಗಿ ಸಪ್ಪೆಯೂ ಬೇಸರದಾಯಕವೂ ಆಗಿವೆಯೆಂದು ಲೇವಡಿ ಮಾಡಿದರು. ಅದೇ ಪತ್ರಿಕೆಯ ಜೀನ್ ಥಾರ್ನ್‌ಟನ್ ಅವರು ಇದನ್ನು ಆ ವರ್ಷ ಅತಿ ಹೆಚ್ಚು ದ್ವೇಷಕ್ಕೆ ಗುರಿಯಾದ ಪ್ರದರ್ಶನವೆಂದು ಬಣ್ಣಿಸಿದರು. ಮನೆಯ ಆಲ್ಬಮ್ಮಿನಲ್ಲಿ ಇರಬೇಕಾದ ಚಿತ್ರಗಳಿಗೆ ದೇಶದ ಪ್ರತಿಷ್ಠಿತ ಕಲಾಸಂಸ್ಥೆಯ ಗೋಡೆಯನ್ನು ಬಿಟ್ಟುಕೊಡಲಾಗಿದೆ ಎಂಬುದು ಟೀಕೆಗಳ ಒಟ್ಟು ಧಾಟಿಯಾಗಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯಲ್ಲಿ ಸ್ಟೀಫನ್ ಶೋರ್ ಅವರ ವರ್ಣ ಛಾಯಾಚಿತ್ರಗಳ ಪ್ರದರ್ಶನವೂ ಆರಂಭವಾಯಿತು. ಒಂದೇ ವರ್ಷದ ಈ ಎರಡು ಪ್ರದರ್ಶನಗಳ ನಂತರ ಬಣ್ಣವನ್ನು ತಳ್ಳಿಹಾಕುವುದು ಕಷ್ಟವಾಯಿತು. 'ಗೈಡ್' ಪುಸ್ತಕವು ಮುಂದೆ ಛಾಯಾಗ್ರಹಣದ ಪ್ರಮುಖ ಪುಸ್ತಕಗಳಲ್ಲಿ ಒಂದೆನಿಸಿ ೨೦೦೨ರಲ್ಲಿ ಮರುಮುದ್ರಣಗೊಂಡಿತು.

## ಪ್ರಮುಖ ಚಿತ್ರಗಳು

ಎಗಲ್‌ಸ್ಟನ್ ಅವರು ತಮ್ಮ ಚಿತ್ರಗಳಿಗೆ ಸಾಮಾನ್ಯವಾಗಿ ಶೀರ್ಷಿಕೆ ಕೊಡುವುದಿಲ್ಲ. ಊರಿನ ಹೆಸರು ಮಾತ್ರ ಇರುತ್ತದೆ. ಪ್ರಸಿದ್ಧವಾದ ಕೆಲವು ಚಿತ್ರಗಳು ಜನರೇ ಇಟ್ಟ ಹೆಸರುಗಳಿಂದ ಬಳಕೆಯಲ್ಲಿವೆ.

ಮೂರುಗಾಲಿ ಸೈಕಲ್ (ಮೆಂಫಿಸ್, ಸುಮಾರು ೧೯೭೦): ಬಡಾವಣೆಯ ರಸ್ತೆಬದಿಯಲ್ಲಿ ನಿಂತಿರುವ ಮಗುವಿನ ಸೈಕಲ್ಲನ್ನು ಕ್ಯಾಮೆರಾ ನೆಲಮಟ್ಟದಿಂದ ನೋಡುತ್ತದೆ. ಅದರಿಂದಾಗಿ ಸೈಕಲ್ ಹಿಂದಿನ ಮನೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅದರ ಚೌಕಟ್ಟಿನ ಕೆಳಗಿನಿಂದ ದೂರದ ಮನೆಯಲ್ಲಿ ನಿಲ್ಲಿಸಿರುವ ಕಾರು ಆಟಿಕೆಯಂತೆ ಕಾಣಿಸುತ್ತದೆ. ಹಿಡಿಕೆಯಲ್ಲಿ ತುಕ್ಕು ಹಿಡಿದಿದೆ. ಬೆಳೆದವರು ಎಂದೋ ಮರೆತ, ಮಗುವಿನ ಎತ್ತರದ ನೋಟವನ್ನು ಚಿತ್ರವು ಮರಳಿ ತರುತ್ತದೆ.

ಕೆಂಪು ಚಾವಣಿ (ಗ್ರೀನ್‌ವುಡ್, ಮಿಸಿಸಿಪ್ಪಿ, ೧೯೭೩): ಗೆಳೆಯನ ಮನೆಯ ಕೋಣೆಯೊಂದರ ಕಡುಗೆಂಪು ಚಾವಣಿ, ನಡುವೆ ಬರಿಯ ಬಲ್ಬು, ಅದರಿಂದ ಹೊರಟು ಮೂರು ದಿಕ್ಕಿಗೆ ಚಾಚಿರುವ ಬಿಳಿಯ ವಿದ್ಯುತ್ ತಂತಿಗಳು. ಫ್ಲ್ಯಾಷ್ ಬೆಳಕಿನಲ್ಲಿ ತೆಗೆದ ಈ ಚಿತ್ರದಲ್ಲಿ ಬೇರೆ ಬಣ್ಣಕ್ಕೆ ಹೆಚ್ಚು ಎಡೆಯೇ ಇಲ್ಲ. ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸಿದರೆ ಉಳಿಯುವುದು ಬೂದುಬಣ್ಣದ ಒಂದು ಮೂಲೆ ಮಾತ್ರ. ಅದರೊಳಗಿನ ಆತಂಕವೆಲ್ಲ ಕೆಂಪಿನಲ್ಲಿಯೇ ಇದೆ. ಪುಸ್ತಕದ ಪುಟದಲ್ಲಿ ಈ ಕೆಂಪು ಎಂದೂ ಸರಿಯಾಗಿ ಬರಲಿಲ್ಲವೆಂದು ಎಗಲ್‌ಸ್ಟನ್ ಹೇಳಿದ್ದಾರೆ. ಮೆಂಫಿಸ್ಸಿನ ಬಿಗ್ ಸ್ಟಾರ್ ತಂಡದ 'ರೇಡಿಯೊ ಸಿಟಿ' (೧೯೭೪) ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಈ ಚಿತ್ರ ಬಳಕೆಯಾಯಿತು.

ಸಮ್ನರ್ (ಮಿಸಿಸಿಪ್ಪಿ, ಸುಮಾರು ೧೯೭೦): ನೀರಿನ ದಂಡೆಯಲ್ಲಿ, ಒಣಗಿದೆಲೆಗಳ ನಡುವೆ ಬಿಳಿಯ ಕಾರೊಂದು ಬಾಗಿಲು ತೆರೆದು ನಿಂತಿದೆ. ಅದರ ಮುಂದೆ ಕಪ್ಪು ಸೂಟು ತೊಟ್ಟ ಬಿಳಿಯ ವ್ಯಕ್ತಿ. ಅವರ ಹಿಂದೆ ಬಿಳಿಯ ಕೋಟು ತೊಟ್ಟ ಕಪ್ಪು ವ್ಯಕ್ತಿ. ಮೊದಲನೆಯವರು ಎಗಲ್‌ಸ್ಟನ್ ಅವರ ಬಂಧು, ಎರಡನೆಯವರು ಅವರಲ್ಲಿ ಕೆಲಸಕ್ಕಿದ್ದವರು. ಇಬ್ಬರೂ ಒಂದೇ ಭಂಗಿಯಲ್ಲಿ ನಿಂತು ಒಂದೇ ಕಡೆಗೆ ನೋಡುತ್ತಿದ್ದಾರೆ. ದೀರ್ಘಕಾಲದ ಒಡನಾಟದಿಂದ ಬಂದ ಸಾಮ್ಯವೂ ಯಜಮಾನ-ಕೆಲಸಗಾರ ಸಂಬಂಧದ ಅಂತರವೂ ಒಟ್ಟಿಗೆ ಕಾಣುವುದರಿಂದ ಈ ಚಿತ್ರ ಹಲವು ಚರ್ಚೆಗಳಿಗೆ ಆಧಾರವಾಗಿದೆ.

ಸಮ್ನರ್ ಊರಿಗೆ ಅಮೆರಿಕದ ಇತಿಹಾಸದಲ್ಲಿ ಇನ್ನೊಂದು ನೆನಪೂ ಅಂಟಿಕೊಂಡಿದೆ. ಎಮೆಟ್ ಟಿಲ್ ಎಂಬ ೧೪ ವರ್ಷದ ಕಪ್ಪು ಹುಡುಗನನ್ನು ಕೊಂದ ಆರೋಪ ಹೊತ್ತ ಇಬ್ಬರು ಬಿಳಿಯರ ವಿಚಾರಣೆ ೧೯೫೫ರ ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ನಡೆಯಿತು. ಬಿಳಿಯರಷ್ಟೇ ಇದ್ದ ತೀರ್ಪುಗಾರರ ಮಂಡಳಿ ಅವರನ್ನು ಬಿಡುಗಡೆ ಮಾಡಿತು. ಎಗಲ್‌ಸ್ಟನ್ ಅವರ ಚಿತ್ರಗಳು ಇಂತಹ ಘಟನೆಗಳನ್ನು ನೇರವಾಗಿ ದಾಖಲಿಸುವುದಿಲ್ಲ. ಅವು ತೋರಿಸುವುದು ಅದೇ ನೆಲದ ಮನೆ, ಅಂಗಳ, ಊಟದ ಮೇಜುಗಳನ್ನು.

## ಶೈಲಿ ಮತ್ತು ಕಾರ್ಯವಿಧಾನ

ಒಂದು ದೃಶ್ಯಕ್ಕೆ ಒಂದೇ ಚಿತ್ರ ಎಂಬುದು ಎಗಲ್‌ಸ್ಟನ್ ಅವರ ರೂಢಿ. ಒಂದೇ ವಸ್ತುವಿನ ಹಲವು ಚಿತ್ರಗಳಿದ್ದರೆ ಅವುಗಳಲ್ಲಿ ಆರಿಸುವುದು ಕಷ್ಟವಾಗುತ್ತಿದ್ದುದರಿಂದ ಈ ರೂಢಿಯನ್ನು ಬೆಳೆಸಿಕೊಂಡುದಾಗಿ ಅವರು ಹೇಳಿದ್ದಾರೆ. ಕಾರ್ಟಿಯರ್-ಬ್ರೆಸನ್ ಅವರ ಚಿತ್ರಗಳಲ್ಲಿರುವಂತೆ ಒಂದು ಕ್ರಿಯೆ ಶಿಖರ ಮುಟ್ಟುವ ಗಳಿಗೆ ಇವರ ಚಿತ್ರಗಳಲ್ಲಿ ಅಪರೂಪ. ಏನೋ ಆಗಿಹೋದ ಅಥವಾ ಆಗಲಿರುವ ಸ್ಥಳದಂತೆ ಅವು ಕಾಣುತ್ತವೆ.

ಮುಖ್ಯ ವಸ್ತು ಬಹುಮಟ್ಟಿಗೆ ಚೌಕಟ್ಟಿನ ನಡುವಿನಲ್ಲಿರುತ್ತದೆ ಮತ್ತು ಉಳಿದ ವಿವರಗಳು ಅಲ್ಲಿಂದ ಅಂಚಿನತ್ತ ಹರಡಿಕೊಳ್ಳುತ್ತವೆ. ಈ ರಚನೆಯ ಬಗ್ಗೆ ಪ್ರಸ್ತಾಪ ಬಂದಾಗ ಎಗಲ್‌ಸ್ಟನ್ ಅವರು ತಮ್ಮ ಚಿತ್ರಗಳು ಕಾನ್ಫೆಡರೇಟ್ ಬಾವುಟದ ವಿನ್ಯಾಸವನ್ನು ಆಧರಿಸಿವೆಯೆಂದು ಉತ್ತರಿಸಿದ್ದನ್ನು ಶಾರ್ಕೌಸ್ಕಿ ದಾಖಲಿಸಿದ್ದಾರೆ. ಕಾನ್ಫೆಡರೇಟ್ ಬಾವುಟವು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಂತರ್ಯುದ್ಧದಲ್ಲಿ ಹೋರಾಡಿದ ದಕ್ಷಿಣದ ರಾಜ್ಯಗಳದ್ದು. ಈ ಉತ್ತರವನ್ನು ಕೆಲವರು ಹಾಸ್ಯವೆಂದೂ ಕೆಲವರು ದಕ್ಷಿಣದ ಪರಂಪರೆಯ ಕುರಿತ ಸಂಕೀರ್ಣ ಸೂಚನೆಯೆಂದೂ ವ್ಯಾಖ್ಯಾನಿಸಿದ್ದಾರೆ.

ಯಾವ ವಸ್ತುವೂ ಇನ್ನೊಂದಕ್ಕಿಂತ ಹೆಚ್ಚು ಅಥವಾ ಕಡಿಮೆ ಮುಖ್ಯವಲ್ಲ ಎಂಬ ನಿಲುವನ್ನು ಎಗಲ್‌ಸ್ಟನ್ ಅವರು ಪ್ರಜಾಸತ್ತಾತ್ಮಕ ನೋಟವೆಂದು ಕರೆದರು. ಮಂಜುಗಟ್ಟಿದ ಆಹಾರದ ಪೊಟ್ಟಣಗಳಿಂದ ತುಂಬಿದ ಶೀತಕಪಾಟಿಗೂ ಮನುಷ್ಯನ ಮುಖಕ್ಕೂ ಅವರ ಕ್ಯಾಮೆರಾ ಒಂದೇ ಬಗೆಯ ಗಮನವನ್ನು ನೀಡುತ್ತದೆ.

## ಇತರ ಕೃತಿಗಳು

೧೯೭೬ರ ಅಧ್ಯಕ್ಷೀಯ ಚುನಾವಣೆಗೆ ಸ್ವಲ್ಪ ಮುಂಚೆ 'ರೋಲಿಂಗ್ ಸ್ಟೋನ್' ಪತ್ರಿಕೆಯು ಜಿಮ್ಮಿ ಕಾರ್ಟರ್ ಅವರ ಹುಟ್ಟೂರಾದ ಜಾರ್ಜಿಯಾ ರಾಜ್ಯದ ಪ್ಲೇನ್ಸ್‌ಗೆ ಎಗಲ್‌ಸ್ಟನ್ ಅವರನ್ನು ಕಳುಹಿಸಿತು. ಅವರು ತಂದ ಚಿತ್ರಗಳಲ್ಲಿ ಕಾರ್ಟರ್ ಇರಲಿಲ್ಲ. ಖಾಲಿ ರಸ್ತೆಗಳು, ಹೊಲಗಳು, ಮನೆಗಳ ಹಿತ್ತಿಲುಗಳು ಇದ್ದವು. ೧೦೦ ಮೂಲ ಮುದ್ರಣಗಳುಳ್ಳ 'ಎಲೆಕ್ಷನ್ ಈವ್' (೧೯೭೭) ಎರಡು ಸಂಪುಟಗಳಲ್ಲಿ, ಐದೇ ಪ್ರತಿಗಳ ಆವೃತ್ತಿಯಾಗಿ ಹೊರಬಂದಿತು.

೧೯೬೫ರಿಂದ ೧೯೭೪ರವರೆಗೆ ಅಮೆರಿಕದ ದಕ್ಷಿಣ ಮತ್ತು ಪಶ್ಚಿಮದ ಹಲವೆಡೆ ತೆಗೆದ ಚಿತ್ರಗಳ ಮಾಲೆಗೆ 'ಲಾಸ್ ಅಲಮಾಸ್' ಎಂದು ಹೆಸರು. ಕ್ಯುರೇಟರ್ ವಾಲ್ಟರ್ ಹಾಪ್ಸ್ ಅವರೊಂದಿಗಿನ ಪ್ರಯಾಣವೊಂದರಲ್ಲಿ ಅಣುಬಾಂಬಿನ ಸಂಶೋಧನೆ ನಡೆದ ಆ ಸ್ಥಳವನ್ನು ಹಾದುಹೋದುದು ಈ ಹೆಸರಿಗೆ ಕಾರಣ. ದೀರ್ಘಕಾಲ ಅಪ್ರಕಟಿತವಾಗಿದ್ದ ಮಾಲೆಯು ೨೦೦೩ರಲ್ಲಿ ಪುಸ್ತಕವಾಯಿತು. ೧೯೭೦ರ ದಶಕದ ಮೊದಲ ಭಾಗದಲ್ಲಿ ವಿಡಿಯೊ ಕ್ಯಾಮೆರಾದಿಂದ ಗೆಳೆಯರನ್ನೂ ರಾತ್ರಿಯ ಕೂಟಗಳನ್ನೂ ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸಿದ 'ಸ್ಟ್ರಾಂಡೆಡ್ ಇನ್ ಕ್ಯಾಂಟನ್' ಬಹಳ ವರ್ಷಗಳ ನಂತರ ಸಂಕಲನಗೊಂಡಿತು. ಗಾಯಕ ಎಲ್ವಿಸ್ ಪ್ರೀಸ್ಲಿ ಅವರ ಮನೆಯಾದ ಗ್ರೇಸ್‌ಲ್ಯಾಂಡ್‌ನ ಒಳಾಂಗಣಗಳನ್ನು ಅವರು ೧೯೮೦ರ ದಶಕದಲ್ಲಿ ಚಿತ್ರಿಸಿದರು. 'ದಿ ಡೆಮಾಕ್ರಟಿಕ್ ಫಾರೆಸ್ಟ್' (೧೯೮೯) ಪುಸ್ತಕಕ್ಕೆ ಮಿಸಿಸಿಪ್ಪಿಯ ಲೇಖಕಿ ಯುಡೋರಾ ವೆಲ್ಟಿ ಪೀಠಿಕೆ ಬರೆದಿದ್ದಾರೆ. ೨೦೧೭ರಲ್ಲಿ ಅವರ ಸ್ವಂತ ಸಂಗೀತದ 'ಮ್ಯೂಸಿಕ್' ಎಂಬ ಧ್ವನಿಮುದ್ರಿಕೆ ಬಿಡುಗಡೆಯಾಯಿತು.

## ಮುದ್ರಣಗಳ ಮಾರಾಟ ಮತ್ತು ವ್ಯಾಜ್ಯ

೨೦೧೨ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಗಲ್‌ಸ್ಟನ್ ಅವರ ೩೬ ಚಿತ್ರಗಳ ದೊಡ್ಡ ಗಾತ್ರದ ಡಿಜಿಟಲ್ ಮುದ್ರಣಗಳು ಸುಮಾರು ೫೯ ಲಕ್ಷ ಡಾಲರ್‌ಗಳಿಗೆ ಮಾರಾಟವಾದವು. ಸೈಕಲ್ಲಿನ ಚಿತ್ರವೊಂದೇ ೫,೭೮,೫೦೦ ಡಾಲರ್ ತಂದಿತು. ಹಳೆಯ ಸೀಮಿತ ಆವೃತ್ತಿಯ ಮುದ್ರಣಗಳನ್ನು ಕೊಂಡಿದ್ದ ಸಂಗ್ರಾಹಕರೊಬ್ಬರು, ಹೊಸ ಮುದ್ರಣಗಳಿಂದ ತಮ್ಮ ಪ್ರತಿಗಳ ಮೌಲ್ಯ ಕುಗ್ಗಿತೆಂದು ದಾವೆ ಹೂಡಿದರು. ನ್ಯಾಯಾಲಯವು ೨೦೧೩ರಲ್ಲಿ ದಾವೆಯನ್ನು ವಜಾ ಮಾಡಿತು. ಒಂದೇ ಮೂಲದಿಂದ ಎಷ್ಟು ಮುದ್ರಣಗಳನ್ನಾದರೂ ಪಡೆಯಬಹುದಾದ ಛಾಯಾಚಿತ್ರಕ್ಕೆ 'ಸೀಮಿತ ಆವೃತ್ತಿ' ಎಂಬ ಮಾತಿನ ಅರ್ಥವೇನೆಂಬ ಚರ್ಚೆಗೆ ಈ ಪ್ರಕರಣ ಕಾರಣವಾಯಿತು.

## ವಿಮರ್ಶೆ ಮತ್ತು ಪ್ರಭಾವ

೧೯೭೬ರ ನಂತರದ ವರ್ಷಗಳಲ್ಲಿ ವ್ಯಕ್ತವಾದ ಗಂಭೀರ ಟೀಕೆಗಳು ಆರಂಭದ ಟೀಕೆಗಳಿಗಿಂತ ಭಿನ್ನವಾಗಿವೆ. ಬಡತನ ಮತ್ತು ಜನಾಂಗೀಯ ಅಸಮಾನತೆ ಆಳವಾಗಿದ್ದ ಪ್ರದೇಶವನ್ನು ಶ್ರೀಮಂತ ಬಿಳಿಯ ಕುಟುಂಬದ ಕಲಾವಿದರೊಬ್ಬರು ಸುಂದರ ಬಣ್ಣಗಳ ನೆಲೆಯಾಗಿ ತೋರಿಸಿದ್ದಾರೆ ಎಂಬುದು ಒಂದು ಆಕ್ಷೇಪ. ಚಿತ್ರಗಳು ತೀರ್ಪು ನೀಡದಿರುವುದರಿಂದಲೇ ಅಲ್ಲಿನ ದೈನಂದಿನ ಸಂಬಂಧಗಳು ನೋಡುಗನಿಗೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ ಎಂಬುದು ಇದಕ್ಕೆ ಎದುರಾದ ವಾದ. ಎಲ್ಲ ವಸ್ತುಗಳೂ ಸಮಾನವೆನ್ನುವ ನೋಟವು ಸಮಾನರಲ್ಲದ ಮನುಷ್ಯರ ಸಮಾಜದಲ್ಲಿ ಏನನ್ನು ಮರೆಸುತ್ತದೆ, ಏನನ್ನು ತೋರಿಸುತ್ತದೆ ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ.

೧೯೭೦ರ ದಶಕದಲ್ಲಿ ಸಾಮಾನ್ಯ ಬದುಕನ್ನು ಬಣ್ಣದಲ್ಲಿ ಕಂಡವರು ಎಗಲ್‌ಸ್ಟನ್ ಒಬ್ಬರೇ ಅಲ್ಲ. ಅಮೆರಿಕದಲ್ಲಿ ಸ್ಟೀಫನ್ ಶೋರ್ ಮತ್ತು ಜೋಯಲ್ ಮೇಯರೋವಿಟ್ಸ್, ಇಟಲಿಯಲ್ಲಿ ಲುಯಿಜಿ ಗಿರ್ರಿ ಇದೇ ದಾರಿಯಲ್ಲಿದ್ದರು. ಭಾರತದ ರಘುಬೀರ್ ಸಿಂಗ್ (೧೯೪೨–೧೯೯೯) ಅವರು ತಮ್ಮದೇ ರೀತಿಯಲ್ಲಿ ಗಂಗಾನದಿಯ ತೀರ, ಕಲ್ಕತ್ತೆಯ ಬೀದಿ ಮತ್ತು ಹೆದ್ದಾರಿಗಳ ಜನಜೀವನವನ್ನು ಬಣ್ಣದಲ್ಲಿ ದಾಖಲಿಸಿದರು. ನಂತರದ ಪೀಳಿಗೆಯಲ್ಲಿ ಬ್ರಿಟನ್ನಿನ ಮಾರ್ಟಿನ್ ಪಾರ್ ಅವರ 'ದಿ ಲಾಸ್ಟ್ ರಿಸಾರ್ಟ್' (೧೯೮೬), ಅಮೆರಿಕದ ಜೋಯಲ್ ಸ್ಟರ್ನ್‌ಫೆಲ್ಡ್ ಅವರ 'ಅಮೆರಿಕನ್ ಪ್ರಾಸ್ಪೆಕ್ಟ್ಸ್' (೧೯೮೭) ಮೊದಲಾದ ಕೃತಿಗಳು ಈ ಪರಂಪರೆಯನ್ನು ಬೆಳೆಸಿದವು. ಡೇವಿಡ್ ಲಿಂಚ್, ಸೋಫಿಯಾ ಕಪೋಲಾ, ಗಸ್ ವ್ಯಾನ್ ಸ್ಯಾಂಟ್ ಮೊದಲಾದ ಚಲನಚಿತ್ರ ನಿರ್ದೇಶಕರ ದೃಶ್ಯಗಳಲ್ಲಿಯೂ ಎಗಲ್‌ಸ್ಟನ್ ಅವರ ಪ್ರಭಾವವನ್ನು ಗುರುತಿಸಲಾಗಿದೆ.

ಮೊಬೈಲ್ ಕ್ಯಾಮೆರಾಗಳ ಕಾಲದಲ್ಲಿ ಊಟದ ತಟ್ಟೆ, ಕಿಟಕಿ, ರಸ್ತೆಗಳ ಬಣ್ಣದ ಚಿತ್ರಗಳು ಎಲ್ಲರ ಕೈಯಲ್ಲಿವೆ. ೧೯೭೬ರಲ್ಲಿ ಜನರನ್ನು ಸಿಟ್ಟಿಗೆಬ್ಬಿಸಿದ ವಸ್ತುಗಳು ಇಂದು ಯಾರಿಗೂ ಅಚ್ಚರಿ ತರುವುದಿಲ್ಲ. ಆದ್ದರಿಂದ ಅಂದಿನ ವಿರೋಧದ ತೀವ್ರತೆಯನ್ನು ಇಂದಿನ ವಿದ್ಯಾರ್ಥಿಗಳು ಅರಿಯಬೇಕಾದರೆ, ಆಗ ಗಂಭೀರ ಛಾಯಾಚಿತ್ರವೆಂದರೆ ಬಹುತೇಕ ಕಪ್ಪು-ಬಿಳುಪೇ ಆಗಿತ್ತೆಂಬುದನ್ನು ನೆನೆಯಬೇಕಾಗುತ್ತದೆ.

## ಗೌರವಗಳು ಮತ್ತು ಪ್ರಮುಖ ಪ್ರದರ್ಶನಗಳು

- ಗುಗೆನ್‌ಹೈಮ್ ಫೆಲೋಶಿಪ್ (೧೯೭೪)
- ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ (೧೯೯೮)
- 'ಡೆಮಾಕ್ರಟಿಕ್ ಕ್ಯಾಮೆರಾ', ವಿಟ್ನಿ ಮ್ಯೂಸಿಯಂ, ನ್ಯೂಯಾರ್ಕ್ (೨೦೦೮)
- ವ್ಯಕ್ತಿಚಿತ್ರಗಳ ಪ್ರದರ್ಶನ, ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಲಂಡನ್ (೨೦೧೬)

## ಆಯ್ದ ಪುಸ್ತಕಗಳು ಮತ್ತು ಚಿತ್ರಸಂಪುಟಗಳು

- ೧೪ ಪಿಕ್ಚರ್ಸ್ (೧೯೭೪)
- ವಿಲಿಯಂ ಎಗಲ್‌ಸ್ಟನ್ಸ್ ಗೈಡ್ (೧೯೭೬)
- ಎಲೆಕ್ಷನ್ ಈವ್ (೧೯೭೭)
- ದಿ ಡೆಮಾಕ್ರಟಿಕ್ ಫಾರೆಸ್ಟ್ (೧೯೮೯, ಹತ್ತು ಸಂಪುಟಗಳ ವಿಸ್ತೃತ ಆವೃತ್ತಿ ೨೦೧೫)
- ಏನ್ಷಿಯಂಟ್ ಅಂಡ್ ಮಾಡರ್ನ್ (೧೯೯೨)
- ಲಾಸ್ ಅಲಮಾಸ್ (೨೦೦೩)